ಬಾಣಂತಿಯ ಎಣ್ಣೆ-ನೀರು: ಎಣ್ಣೆಗಿಂತ ಮೊದಲು ಕಾಲು ನೋಡುತ್ತೇನೆ

ಬಾಣಂತಿಯ ಪಕ್ಕ ಕೂತಾಗ ನನ್ನ ಕೈ ಮೊದಲು ಹೋಗುವುದು ಎಣ್ಣೆ ಬಟ್ಟಲಿಗಲ್ಲ, ಅವಳ ಮೀನಖಂಡಕ್ಕೆ. ಎರಡೂ ಕಾಲು ಚಾಚಿಸಿ ಅಂಗೈ ಇಟ್ಟು ನೋಡುತ್ತೇನೆ. ಎರಡೂ ಒಂದೇ ಹದಕ್ಕೆ ಬೆಚ್ಚಗಿವೆಯೇ? ಒಂದೇ ಕಾಲು ಊದಿ, ಚರ್ಮ ಬಿಗಿದು ಹೊಳೆಯುತ್ತಿದೆಯೇ? ಮುಟ್ಟಿದರೆ ನೋವೇ? ಅನುಮಾನ ಬಂದರೆ ದರ್ಜಿಯ ಟೇಪು ತೆಗೆದು, ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡುತ್ತೇನೆ. 2 ಸೆಂ.ಮೀ. ವ್ಯತ್ಯಾಸ ಕಂಡರೆ ಅಂದು ಎಣ್ಣೆ ಇಲ್ಲ, ನೇರ ಆಸ್ಪತ್ರೆ. ಅಳತೆ ಸರಿಯಿದ್ದೂ ಒಂದೇ ಕಾಲು ನೋಯುತ್ತಿದ್ದರೂ ಅಷ್ಟೇ. ಬಸುರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೆರಿಗೆಯಲ್ಲಿ ತುಂಬಾ ಹರಿದುಹೋಗದಿರಲೆಂದು ದೇಹ ಮಾಡಿಕೊಳ್ಳುವ ಏರ್ಪಾಡು ಅದು. ಹೆರಿಗೆಯಾದ ಮೇಲೂ ಆರು ವಾರ ಆ ಗುಣ ಉಳಿದಿರುತ್ತದೆ. ಕಾಲಿನ ಒಳನಾಳದಲ್ಲಿ ಹೆಪ್ಪು ಕೂತಿರುವಾಗ ಮೀನಖಂಡ ಹಿಸುಕಿ ತಿಕ್ಕಿದರೆ, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಸಿಸೇರಿಯನ್ ಆದವರಲ್ಲಿ, ದಿನಗಟ್ಟಲೆ ಮಲಗೇ ಇದ್ದವರಲ್ಲಿ ಈ ಭಯ ಇನ್ನೂ ಹೆಚ್ಚು.

ಆಮೇಲೆ ಮೂರು ಮಾತು ಕೇಳುತ್ತೇನೆ. ಜ್ವರ ಬಂದಿದೆಯಾ? 100.4 ಡಿಗ್ರಿ ದಾಟಿದ್ದರೆ ಎಣ್ಣೆ-ನೀರು ಬೇಡ. ಕಡಿಮೆಯಾಗಿದ್ದ ರಕ್ತಸ್ರಾವ ಮತ್ತೆ ಕೆಂಪಾಗಿ ಜಾಸ್ತಿಯಾಗಿದೆಯಾ? ಒಂದು ಗಂಟೆಗೆ ಒಂದು ಪ್ಯಾಡು ಪೂರ್ತಿ ನೆನೆದರೆ ಅದು ತುರ್ತು. ತಲೆನೋವಿದೆಯಾ? ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೆ ಮೊದಲ ದಿನಗಳಲ್ಲಿ ಕೂತರೆ ಹೆಚ್ಚಿ ಮಲಗಿದರೆ ಇಳಿಯುವ ತಲೆನೋವು ಬಂದರೆ ಅದು ಎಣ್ಣೆಗೆ ಹೋಗುವಂಥದ್ದಲ್ಲ. ತಲೆನೋವಿನ ಜೊತೆ ಕಣ್ಣು ಮಂಜಾದರೆ ಬಿಪಿ ನೋಡಿಸಲೇಬೇಕು. ಹೆರಿಗೆಯಾದ ಮೇಲೂ ಬಿಪಿ ಏರುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ.

ಎಣ್ಣೆ ಯಾವುದು ಎನ್ನುವುದಕ್ಕೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ಬೇಸಿಗೆಗೆ ಕೊಬ್ಬರಿ ಎಣ್ಣೆ, ಮಳೆ-ಚಳಿಗೆ ಎಳ್ಳೆಣ್ಣೆ. ಮನೆಯವರು ಧನ್ವಂತರಂ ತೈಲ ತಂದಿದ್ದರೆ ಎಳ್ಳೆಣ್ಣೆಗೆ ಸಮಸಮ ಬೆರೆಸುತ್ತೇನೆ. ಮೈಗೆ 60ರಿಂದ 80 ಮಿ.ಲೀ. ಸಾಕು, ನೆತ್ತಿಗೆ ಎರಡು ಚಮಚ. ಒಲೆಯ ಮೇಲೆ ನೇರವಾಗಿ ಕಾಯಿಸುವುದಿಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು, ನನ್ನ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿಯೇ ಹಚ್ಚುವುದು.

ಊಟವಾಗಿ ಒಂದೂವರೆ ಗಂಟೆ ಕಳೆದಿರಬೇಕು. ಮಗುವಿಗೆ ಆಗಷ್ಟೇ ಹಾಲು ಕುಡಿಸಿರಬೇಕು. ಹಾಲು ತುಂಬಿದ ಎದೆ ಇಟ್ಟುಕೊಂಡು ಬೋರಲು ಮಲಗಿದರೆ ನೋವು, ಹಾಲು ಕಟ್ಟುವುದೂ ಉಂಟು. ಅದಕ್ಕೆ ಮಗ್ಗುಲಾಗಿಯೇ ಮಲಗಿಸುತ್ತೇನೆ, ಮಂಡಿಗಳ ನಡುವೆ ಒಂದು ದಿಂಬು, ತಲೆಗೊಂದು.

ಪಾದದಿಂದ ತೊಡೆಗೆ, ಬೆರಳಿನಿಂದ ಹೆಗಲಿಗೆ, ಯಾವಾಗಲೂ ಎದೆಯ ಕಡೆಗೇ ನೀವುವುದು. ಪಾದದ ಬಾವು ಇಳಿಯಲು ಇದೇ ದಾರಿ. ಕಾಲಿಗೆ ಅಂಗೈಯ ಭಾರವಷ್ಟೇ, ಬೆರಳು ಊರುವುದಿಲ್ಲ. ಒತ್ತಡ ಬೇಕಾದ ಜಾಗ ಬೆನ್ನು. ಮಗುವಿನ ಕಡೆ ಬಗ್ಗಿ ಬಗ್ಗಿ ಹಾಲೂಡಿಸಿ ಎರಡು ಹೆಗಲೆಲುಬಿನ ನಡುವೆ ಹಗ್ಗದಂತೆ ಗಂಟು ಕಟ್ಟಿರುತ್ತದೆ. ಅಲ್ಲಿ ಹೆಬ್ಬೆರಳಿನ ಮೆತ್ತನೆ ಭಾಗ ಇಟ್ಟು, ಅವಳು ಉಸಿರು ಬಿಡುವಾಗ ನಿಧಾನ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದರೆ ಗಂಟು ಬೆರಳಡಿಯಲ್ಲೇ ಸಡಿಲವಾಗುವುದು ತಿಳಿಯುತ್ತದೆ. ಬೆನ್ನುಹುರಿಯ ಮೂಳೆಯ ಮೇಲೆ ಮಾತ್ರ ಒತ್ತಬಾರದು, ಅದರ ಎರಡು ಪಕ್ಕ ಮಾತ್ರ. ಸೊಂಟದ ಕೆಳಗಿನ ಚಪ್ಪಟೆ ಮೂಳೆಗೆ ಇಡೀ ಅಂಗೈಯಿಂದ ಸುತ್ತು ನೀವಿಕೆ. ಕೀಲು ಎಳೆದು ನೆಟಿಕೆ ತೆಗೆಯುವುದು ಬೇಡವೇ ಬೇಡ. ಬಸುರಿನಲ್ಲಿ ಸಡಿಲಗೊಂಡ ಕೀಲಿನ ಕಟ್ಟುಗಳು ಬಿಗಿಯಾಗಲು ತಿಂಗಳುಗಳೇ ಬೇಕು. ಮಗುವನ್ನು ಎತ್ತಿ ಎತ್ತಿ ಹೆಬ್ಬೆರಳ ಬುಡ ನೋಯುತ್ತಿದ್ದರೆ ಆ ಜಾಗ ಬಿಟ್ಟು ಮುಂದೋಳನ್ನು ನೀವುತ್ತೇನೆ.

ಇನ್ನು ಹೊಟ್ಟೆ. “ಹೊಟ್ಟೆ ಚೆನ್ನಾಗಿ ಒತ್ತಮ್ಮ, ಗಾಳಿ ಹೋಗಲಿ” ಎಂದು ಅಜ್ಜಿಯರು ಹೇಳುತ್ತಾರೆ. ಅವರ ಕಾಳಜಿ ನಿಜ, ಆದರೂ ನಾನು ಒತ್ತುವುದಿಲ್ಲ. ಹೆರಿಗೆಯಾದ ದಿನ ಹೊಕ್ಕುಳ ಮಟ್ಟದಲ್ಲಿರುವ ಗರ್ಭಕೋಶ ದಿನಕ್ಕೆ ಸುಮಾರು ಒಂದು ಬೆರಳಷ್ಟು ತಾನಾಗಿ ಇಳಿಯುತ್ತದೆ, ಎರಡು ವಾರಕ್ಕೆ ಹೊರಗಿನಿಂದ ಕೈಗೇ ಸಿಗುವುದಿಲ್ಲ. ಹಾಲೂಡಿಸುವುದೇ ಅದನ್ನು ಕುಗ್ಗಿಸುವ ದೊಡ್ಡ ಮದ್ದು. ಸಹಜ ಹೆರಿಗೆಯಾದವರಿಗೆ ಹೊಕ್ಕುಳ ಸುತ್ತ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಎಣ್ಣೆ ಸವರಿದಷ್ಟೇ ಹಗುರ. ಸಿಸೇರಿಯನ್ ಆದವರಿಗೆ ಆರು ವಾರ ಹೊಟ್ಟೆ ಮುಟ್ಟುವುದಿಲ್ಲ, ಕೈ-ಕಾಲು-ಬೆನ್ನಿಗೂ ವೈದ್ಯರು ಒಪ್ಪಿದ ಮೇಲೆಯೇ. ಹಸಿ ಗಾಯಕ್ಕೆ ಎಣ್ಣೆ ಇಳಿದರೆ ಕೊಳೆ ಕೂತು ಕೀವಾಗುತ್ತದೆ.

ಹೊಟ್ಟೆಗೆ ಹಳೆ ಹತ್ತಿ ಸೀರೆ ಕಟ್ಟುವುದಾದರೆ ಸೊಂಟದಿಂದ ಶುರುಮಾಡಿ ಮೇಲಕ್ಕೆ ಸುತ್ತಬೇಕು, ಒಳಗೆ ಎರಡು ಬೆರಳು ಸಲೀಸಾಗಿ ತೂರುವಂತಿರಬೇಕು. ಮೇಲಿನಿಂದ ಬಿಗಿದರೆ ಭಾರವೆಲ್ಲ ಕೆಳಗಿಳಿದು, ಮೊದಲೇ ಸೋತ ಗರ್ಭಕೋಶದ ಬುಡದ ಸ್ನಾಯು ಮತ್ತಷ್ಟು ಜೋಲುತ್ತದೆ. ಕೆಮ್ಮಿದರೆ ಮೂತ್ರ ಸೋರುವುದು ಇದರಿಂದ ಹೆಚ್ಚುತ್ತದೆ.

ಎದೆಯಲ್ಲಿ ಹಾಲು ಕಟ್ಟಿದ್ದರೆ ಹಿಸುಕಿ ಗಂಟು ಒಡೆಯಲು ಹೋಗಬಾರದು, ಒಳಗೆ ಬಾವು ಹೆಚ್ಚುತ್ತದೆ. ಮಗುವಿಗೆ ಕುಡಿಸಿ, ಆಮೇಲೆ ಕಂಕುಳ ಕಡೆಗೆ ಬೆಕ್ಕಿನ ಮೈ ಸವರುವಷ್ಟು ಹಗುರವಾಗಿ ನೀವಿ, ತಣ್ಣೀರ ಬಟ್ಟೆ ಇಡುವುದು.

ಬಸುರಿಯರಿಗೂ ಇದೇ ಮಗ್ಗುಲು, ಆದರೆ ಎಡಕ್ಕೆ. 20 ವಾರ ದಾಟಿದ ಮೇಲೆ ಅಂಗಾತ ಮಲಗಿಸಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಮೊದಲ ಮೂರು ತಿಂಗಳು ನಾನು ಯಾರಿಗೂ ಹಚ್ಚುವುದಿಲ್ಲ. ಆಮೇಲೆಯೂ ಹೊಟ್ಟೆಗೆ ಕೈ ಇಲ್ಲ, ತೊಡೆಯ ಒಳಬದಿಗೆ ಒತ್ತಡ ಇಲ್ಲ. ರಕ್ತ ಕಂಡಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದ್ದರೆ, ಬಿಪಿ 140/90 ಮುಟ್ಟಿದ್ದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ವಾಪಸು ಕಳಿಸುತ್ತೇನೆ.

ಹಚ್ಚಿ ಮುಗಿಯಲು 40 ನಿಮಿಷ, ಮೈಗೆ ಹಿಡಿಯಲು ಇನ್ನೊಂದು 15. ಅಷ್ಟರಲ್ಲಿ ಹಂಡೆಗೆ ಒಂದು ಹಿಡಿ ಲಕ್ಕಿ ಸೊಪ್ಪು, ಒಂದು ಹಿಡಿ ಹುಣಸೆ ಎಲೆ ಹಾಕಿ ಕುದಿಸಿ ಸೋಸಿಟ್ಟಿರುತ್ತೇನೆ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಚುರ್ ಎನ್ನಬಾರದು. ಕುದಿನೀರನ್ನು ಸೊಂಟಕ್ಕೆ ರಪರಪ ಎರಚುವ ರೂಢಿ ಕೆಲವು ಕಡೆ ಇದೆ. ರಕ್ತ ಕಡಿಮೆಯಿರುವ ಬಾಣಂತಿಗೆ ಬಿಸಿ ಹೆಚ್ಚಾದರೆ ರಕ್ತನಾಳ ಹಿಗ್ಗಿ ಕಣ್ಣು ಕತ್ತಲಿಟ್ಟು ಬೀಳುತ್ತಾಳೆ. ತಗ್ಗು ಮಣೆಯೂ ಬೇಡ, ಕೆಳಗೆ ಹೊಲಿಗೆ ಬಿದ್ದವರಿಗೆ ಜಗ್ಗುತ್ತದೆ, ಮೊಣಕಾಲೆತ್ತರದ ಸ್ಟೂಲ್ ಹಾಕಿ. ಬಚ್ಚಲ ನೆಲಕ್ಕೆ ಗೋಣಿತಾಟು, ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇದ್ದರೆ ನೀರು ಮೊದಲೇ ತುಂಬಿಸಿಕೊಂಡು ಅದನ್ನು ಆರಿಸಿ, ಕಿಟಕಿ ತೆರೆದ ಮೇಲೆಯೇ ಸ್ನಾನ. ಎಣ್ಣೆ ತೆಗೆಯಲು ಕಡಲೆಹಿಟ್ಟು, ತಲೆಗೆ ಸೀಗೆಪುಡಿ. ಮೊಲೆತೊಟ್ಟಿನ ಎಣ್ಣೆ ಬರೀ ನೀರಿನಲ್ಲಿ ತೊಳೆದರೆ ಸಾಕು. ಹೊಲಿಗೆಯ ಜಾಗ ಒರೆಸಬೇಡಿ, ಹತ್ತಿ ಬಟ್ಟೆ ಒತ್ತಿ ತೇವ ತೆಗೆಯಿರಿ.

ಕೂದಲಿಗೆ ಸಾಂಬ್ರಾಣಿ ಹಿಡಿಯುವುದು ಐದೇ ನಿಮಿಷ, ಕಿಟಕಿ ತೆರೆದು, ಮಗು ಬೇರೆ ಕೋಣೆಯಲ್ಲಿರುವಾಗ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡಲೇಬಾರದು, ಅದರ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅರ್ಧ ಗಂಟೆ ಹೊದ್ದು ಮಲಗಿ ಎದ್ದ ಮೇಲೆ ಎರಡು ಲೋಟ ಜೀರಿಗೆ ನೀರು ಕೊಡುತ್ತೇನೆ. “ಬಾಣಂತಿಗೆ ನೀರು ಕೊಡಬಾರದು” ಎಂದು ಮನೆಯ ಹಿರಿಯರು ತಡೆದರೆ, ಬೆವರಿನಲ್ಲಿ ಹೋಗಿದ್ದೆಷ್ಟು, ಹಾಲಿನಲ್ಲಿ ಹೋಗುವುದೆಷ್ಟು ಎಂದು ಲೆಕ್ಕ ಹೇಳಿ ಕುಡಿಸಿಯೇ ಹೊರಡುತ್ತೇನೆ.