ಅತ್ತೆಯ ಬಾತ ಕಾಲಿಗೆ ದಿನದ ಆರೈಕೆ

ನಮ್ಮತ್ತೆಗೆ ಎಡಗಾಲಲ್ಲಿ ಆನೆಕಾಲು ರೋಗ. ಸೊಳ್ಳೆ ಹರಡುವ ಫೈಲೇರಿಯಾ ಹುಳು ದುಗ್ಧರಸದ (ಮೈಯಲ್ಲಿ ಹೆಚ್ಚಾಗಿ ಉಳಿದ ನೀರನ್ನು ರಕ್ತಕ್ಕೆ ಮರಳಿಸುವ ದ್ರವ, ಲಿಂಫ್) ನಾಳಗಳನ್ನು ಕೆಡಿಸಿಬಿಟ್ಟಿದೆ, ಅದಕ್ಕೇ ನೀರು ನಿಂತು ಕಾಲು ಬಾತಿದೆ. ರಕ್ತವನ್ನು ದೂಡಲು ಹೃದಯವಿದೆ. ಈ ರಸ ಮೇಲೇರಲು ನಾಳಗಳದ್ದೇ ಮಿಡಿತ, ಮೀನಖಂಡದ ಚಲನೆ, ಉಸಿರಾಟ ಇವೇ ಆಸರೆ.

ಎಲ್ಲಕ್ಕಿಂತ ಮುಖ್ಯ ಕಾಲು ತೊಳೆಯುವುದು. ರಾತ್ರಿ ಮಲಗುವ ಮುಂಚೆ ಮಾಮೂಲಿ ಸೋಪು, ಬಿಸಿ ಮಾಡದ ಶುದ್ಧ ನೀರು ಸಾಕು. ಮೊಣಕಾಲಿನಿಂದ ಕೆಳಗೆ ಬನ್ನಿ, ಚರ್ಮದ ಮಡಿಕೆಗಳನ್ನು ಬಿಡಿಸಿ ಕೈಯಿಂದಲೇ ಮೆತ್ತಗೆ ತೊಳೆಯಿರಿ. ಬ್ರಷ್ಷು, ಕಲ್ಲು ಬೇಡವೇ ಬೇಡ. ಆಮೇಲೆ ತಿಕ್ಕದೆ, ಬಟ್ಟೆಯನ್ನು ಮೆತ್ತಗೆ ಒತ್ತಿ ಒರೆಸಿ. ಬೆರಳ ಸಂದಿಗೆ ನಾನು ಹಳೇ ಕಾಟನ್ ಸೀರೆಯ ಒಗೆದ ತುಂಡನ್ನು ತೆಳ್ಳಗೆ ಹೊಸೆದು ತೂರಿಸಿ ತೇವ ತೆಗೆಯುತ್ತೇನೆ. ಅಲ್ಲಿ ಚರ್ಮ ಬೆಳ್ಳಗೆ ನೆಂದು ಬಿರಿದಿದ್ದರೆ ವೈದ್ಯರು ಬರೆದ ಮುಲಾಮು ಹಚ್ಚಬೇಕು. ಆ ಕೂದಲೆಳೆಯಷ್ಟು ಬಿರುಕಿನಿಂದಲೇ ಸೋಂಕು ಒಳಗೆ ಹೋಗುವುದು, ಪ್ರತಿ ಸಲ ಜ್ವರ ಬಂದಾಗಲೂ ಬಾವು ಇನ್ನಷ್ಟು ಹೆಚ್ಚುವುದು.

ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೂತಲ್ಲೇ ಪಾದ ತಿರುಗಿಸುವುದು ದಿನಕ್ಕೆ ಹಲವು ಸಲ ಆಗಲಿ. ಮಲಗುವಾಗ ಹಾಸಿಗೆಯ ಕಾಲಕಡೆ ದಿಂಬಿಡಿ. ಹೃದ್ರೋಗವಿದ್ದವರು ಮೊದಲು ವೈದ್ಯರನ್ನು ಕೇಳಿ. ಅಂಗಳಕ್ಕೂ ಚಪ್ಪಲಿ ಬೇಕು.

ಚಳಿಜ್ವರ ಬಂದು ಕಾಲು ಕೆಂಪಾಗಿ ಉರಿದರೆ ವ್ಯಾಯಾಮ ನಿಲ್ಲಿಸಿ. ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ತಣ್ಣೀರ ಬಟ್ಟೆ ಹಾಕಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.