ರೂಮಿನ ವಿಳಾಸಕ್ಕೊಂದು ಮತ, ಡಿಗ್ರಿಗೊಂದು ಮತ: ಬೆಳಗಾವಿಯಲ್ಲಿ ಓದುವವರು ಪಟ್ಟಿಗೆ ಹೆಸರು ಸೇರಿಸುವ ಬಗೆ

ಊರು ಬಿಟ್ಟು ಬೆಳಗಾವಿಗೆ ಬಂದು ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಮಾಡುವವರಿಗೆ ಎರಡು ಮತದಾರರ ಪಟ್ಟಿಗಳ ಜೊತೆ ಕೆಲಸ ಬೀಳುತ್ತದೆ. ವಿಧಾನಸಭೆ, ಲೋಕಸಭೆಗೆ ಬಳಸುವ ಸಾಮಾನ್ಯ ಪಟ್ಟಿ ಒಂದು. ಡಿಗ್ರಿ ಮುಗಿಸಿದವರಷ್ಟೇ ಮತ ಹಾಕುವ, ವಿಧಾನ ಪರಿಷತ್ತಿನ ವಾಯವ್ಯ ಪದವೀಧರರ ಕ್ಷೇತ್ರದ ಪಟ್ಟಿ ಇನ್ನೊಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಗೆ ಸೇರಿ ಇದೊಂದೇ ಕ್ಷೇತ್ರ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ತಾನಾಗಿಯೇ ಬರುವುದಿಲ್ಲ. ಫಾರ್ಮ್ ಬೇರೆ, ಗಡುವು ಬೇರೆ, ಕೇಳುವ ಕಾಗದವೂ ಬೇರೆ. ನಾನೂ ನನ್ನ ಜೊತೆಗಿನ ಸಂಶೋಧನಾ ವಿದ್ಯಾರ್ಥಿಗಳೂ ಈ ಕೆಲಸ ಮಾಡಿಕೊಳ್ಳುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫಾರ್ಮ್ ಕೈಗೆತ್ತಿಕೊಳ್ಳುವ ಮೊದಲು ಒಂದು ತೀರ್ಮಾನ ಆಗಬೇಕು: ನಿಮ್ಮ ಮತ ಊರಲ್ಲಿ ಇರಲೋ, ಇಲ್ಲಿಗೆ ಬರಲೋ? ಹಾಸ್ಟೆಲ್ ಅಥವಾ ಬಾಡಿಗೆ ರೂಮಿನಲ್ಲಿರುವ ವಿದ್ಯಾರ್ಥಿ ಓದುವ ಜಾಗದಲ್ಲೂ ಹೆಸರು ಸೇರಿಸಬಹುದು, ತಂದೆ-ತಾಯಿಯ ಮನೆಯ ವಿಳಾಸದಲ್ಲೂ ಉಳಿಸಿಕೊಳ್ಳಬಹುದು. ಚುನಾವಣಾ ಆಯೋಗ ಈ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಟ್ಟಿದೆ. ಎರಡೂ ಕಡೆ ಇಟ್ಟುಕೊಳ್ಳುವಂತಿಲ್ಲ ಅಷ್ಟೇ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಇಲ್ಲಿ ಬಹಳ ಮಂದಿ ಮರೆಯುವ ವಿಷಯ ಗ್ರಾಮ ಪಂಚಾಯ್ತಿ. ಪಂಚಾಯ್ತಿ ಪಟ್ಟಿಯೂ ಮಹಾನಗರ ಪಾಲಿಕೆಯ ವಾರ್ಡ್ ಪಟ್ಟಿಯೂ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಹೆಸರು ಬೆಳಗಾವಿಗೆ ಬಂತೆಂದರೆ ಊರ ಪಂಚಾಯ್ತಿಯ ಮತ ಹೋಯಿತು, ಬದಲಿಗೆ ಇಲ್ಲಿನ ವಾರ್ಡಿನ ಮತ ಬಂತು. ಐದಾರು ಮತಗಳಲ್ಲಿ ಸೋಲು ಗೆಲುವು ಆಗುವ ಊರಿನವರಿಗೆ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಕೇಳದೆ ಹೆಸರು ಕೀಳಿಸಿದರೆ ಅಪ್ಪ, ದೊಡ್ಡಪ್ಪ ಇಬ್ಬರಿಂದಲೂ ಬೈಸಿಕೊಳ್ಳಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎರಡು ವರ್ಷದ ಎಂ.ಎ.ಗೆ ಬಂದವರು ಊರಲ್ಲೇ ಇಟ್ಟುಕೊಳ್ಳಲಿ. ಪಿಎಚ್.ಡಿ.ಯವರು ನಾಲ್ಕೈದು ವರ್ಷ ಇಲ್ಲೇ ಇರುವವರು. ನಳದ ನೀರು, ಗಟಾರ, ಬೀದಿದೀಪಕ್ಕೆ ಕಾರ್ಪೊರೇಟರ್ ಹತ್ತಿರ ಹೋಗಬೇಕಾದವರು ಅವರೇ. ಅವರು ಇಲ್ಲಿಗೆ ತಂದುಕೊಳ್ಳುವುದು ಸರಿ. ಊರಲ್ಲೇ ಇಟ್ಟುಕೊಂಡವರು ಮತದಾನಕ್ಕೆ ಎರಡು ದಿನ ಮುಂಚೆಯೇ ಹೊರಡಬೇಕು. ಹಿಂದಿನ ದಿನ ವಾಯವ್ಯ ಸಾರಿಗೆಯ ಬಸ್ಸುಗಳು ಮತಗಟ್ಟೆ ಸಿಬ್ಬಂದಿಯನ್ನು ಒಯ್ಯಲು ಹೋಗಿರುತ್ತವೆ, ಉಳಿದವುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇಲ್ಲಿಗೆ ತರುವುದೆಂದು ಗಟ್ಟಿಯಾದರೆ ಮುಂದಿನದು ಫಾರ್ಮಿನ ಆಯ್ಕೆ. ಹಿಂದೆಂದೂ ಯಾವ ಪಟ್ಟಿಯಲ್ಲೂ ಹೆಸರಿಲ್ಲದವರಿಗೆ ಮಾತ್ರ ಫಾರ್ಮ್ 6. ಊರಲ್ಲಿ ಹೆಸರಿದ್ದವರು ಫಾರ್ಮ್ 8 ತುಂಬಬೇಕು, ಅದರಲ್ಲಿ ‘ವಾಸಸ್ಥಳ ಬದಲಾವಣೆ’ ಆರಿಸಿ, ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಎಂದು ಗುರುತು ಹಾಕಬೇಕು. 2022ರ ಆಗಸ್ಟ್‌ಗೆ ಮೊದಲು ಕ್ಷೇತ್ರ ಬದಲಾದರೆ ಫಾರ್ಮ್ 6ನ್ನೇ ಹಾಕಬೇಕಿತ್ತು. ಆ ಹಳೆಯ ರೂಢಿ ನೆನಪಿರುವ ಸೈಬರ್ ಅಂಗಡಿಯವರು ಈಗಲೂ 6ನ್ನೇ ತುಂಬಿ ಕೊಡುವುದುಂಟು. ಹಾಗಾದರೆ ಎರಡು ಕಡೆ ಹೆಸರು, ಎರಡು ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ, ಆಮೇಲೆ ನೋಟಿಸ್. ಫಾರ್ಮ್ 8ರಲ್ಲಿ ಹಳೆಯ ಎಪಿಕ್ ಸಂಖ್ಯೆಯೇ ಮುಂದುವರಿಯುತ್ತದೆ, ಊರ ಪಟ್ಟಿಯಿಂದ ಹೆಸರು ತೆಗೆಯುವ ಕೆಲಸವೂ ಅದರಲ್ಲೇ ಸೇರಿದೆ.

ಅರ್ಜಿ ಸಿಕ್ಕಿಬೀಳುವುದು ವಿಳಾಸದ ಪುರಾವೆಯಲ್ಲಿ. ಬಾಡಿಗೆ ರೂಮಿನವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು 11 ತಿಂಗಳ ಕರಾರುಪತ್ರ, ಅದರ ಮೇಲೆ ನೋಟರಿಯ ಕೆಂಪು ಮುದ್ರೆ. ಫಾರ್ಮಿನ ಪಟ್ಟಿ ಕೇಳುವುದು ನೋಂದಾಯಿತ ಬಾಡಿಗೆ ಪತ್ರ, ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆದದ್ದು. ವರ್ಷ ಮೀರಿದ ಬಾಡಿಗೆ ಪತ್ರಕ್ಕೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುವುದು. ಹಾಗಾಗಿ ಆ ಕಾಗದ ಇಲ್ಲಿ ನಡೆಯುವುದಿಲ್ಲ. ಮಾಲಕರ ಹೆಸರಿನ ಹೆಸ್ಕಾಂ ಕರೆಂಟ್ ಬಿಲ್ಲೂ ಅಷ್ಟೇ: ಬಿಲ್ ನಿಮ್ಮ ಹೆಸರಲ್ಲಿ, ಇಲ್ಲವೆ ಅದೇ ವಿಳಾಸದ ಪಟ್ಟಿಯಲ್ಲಿರುವ ತಂದೆ-ತಾಯಿ, ಗಂಡ-ಹೆಂಡತಿಯಂಥವರ ಹೆಸರಲ್ಲಿ ಇರಬೇಕು. ಆಧಾರ್ ವಿಳಾಸ ಬದಲಿಸುವುದು ಒಂದು ದಾರಿಯೇನೋ ಹೌದು. ಆದರೆ ಜಾತಿ-ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ಎಲ್ಲ ಊರ ವಿಳಾಸದಲ್ಲಿರುವಾಗ ಒಂದು ಮತಕ್ಕಾಗಿ ಆಧಾರ್ ಮುಟ್ಟುವುದು ನನಗೆ ಸರಿ ಕಾಣುವುದಿಲ್ಲ. ಉಳಿಯುವುದು ಬ್ಯಾಂಕ್ ಪಾಸ್‌ಬುಕ್. ಶಾಖೆಗೆ ಹೋಗಿ ಈಗಿನ ವಿಳಾಸ ಸೇರಿಸಲು ಬರೆದುಕೊಟ್ಟು, ಹೊಸ ವಿಳಾಸ ಅಚ್ಚಾದ ಮೊದಲ ಪುಟದ ಝೆರಾಕ್ಸ್ ಹಚ್ಚಿದರೆ ಸಾಕು.

ವಿದ್ಯಾರ್ಥಿಗೆಂದೇ ಇರುವ ಕಾಗದ ಬೋನಫೈಡ್, ಅಂದರೆ ಇಲ್ಲಿ ಓದುತ್ತಿದ್ದಾರೆ ಎಂದು ಸಂಸ್ಥೆ ಕೊಡುವ ಪ್ರಮಾಣಪತ್ರ. ಕೋರ್ಸು ಮಾನ್ಯತೆ ಪಡೆದದ್ದಾಗಿರಬೇಕು, ಅವಧಿ ಒಂದು ವರ್ಷಕ್ಕೆ ಕಡಿಮೆ ಇರಬಾರದು, ಸಹಿ ಪ್ರಾಂಶುಪಾಲರು, ನಿರ್ದೇಶಕರು, ಕುಲಸಚಿವರು ಅಥವಾ ಡೀನ್ ಅವರದಾಗಿರಬೇಕು. ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರಿಗೂ ವಿಟಿಯುದವರಿಗೂ ನಿಯಮ ಒಂದೇ. ತಪ್ಪು ಆಗುವುದು ಎಲ್ಲೆಂದರೆ, ವಿಭಾಗದ ಕಚೇರಿಯಲ್ಲಿ ಸಿದ್ಧ ಇರುವುದು ಬಸ್ ಪಾಸಿಗೆ, ಸ್ಕಾಲರ್‌ಶಿಪ್ಪಿಗೆ ಕೊಡುವ ಬೋನಫೈಡ್. ಅದರಲ್ಲಿ ಹೆಸರು, ತರಗತಿ, ಶೈಕ್ಷಣಿಕ ವರ್ಷ ಬಿಟ್ಟರೆ ಬೇರೇನೂ ಇರುವುದಿಲ್ಲ. ಮತಪಟ್ಟಿಗೆ ಬೇಕಾದದ್ದರಲ್ಲಿ ಊರ ಕಾಯಂ ವಿಳಾಸ, ಈಗಿರುವ ಹಾಸ್ಟೆಲ್ ಕೋಣೆ ಅಥವಾ ರೂಮಿನ ಪೂರ್ತಿ ವಿಳಾಸ, ಕೋರ್ಸಿನ ಅವಧಿ ಮೂರೂ ಕಾಣಬೇಕು. ಕ್ಲರ್ಕ್ ಹತ್ತಿರ ಬರೀ ‘ಬೋನಫೈಡ್ ಕೊಡ್ರಿ’ ಎಂದರೆ ಮೊದಲಿನದೇ ಸಿಗುತ್ತದೆ. ಒಕ್ಕಣೆಯನ್ನು ನಾವೇ ಟೈಪ್ ಮಾಡಿ, ಪೆನ್‌ಡ್ರೈವಿನಲ್ಲಿ ಒಯ್ದು, ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಸಿ ಸಹಿಗೆ ಇಡುವುದು ನಮ್ಮಲ್ಲಿನ ರೂಢಿ.

ಅರ್ಜಿ ಹಾಕುವುದು ಆಯೋಗದ ಮತದಾರರ ಪೋರ್ಟಲ್ಲಿನಲ್ಲೋ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಕೈಯಲ್ಲೋ. ಪೋರ್ಟಲ್ಲಿನಲ್ಲಿ ಫೋಟೊ, ದಾಖಲೆ ತಲಾ 2 ಎಂಬಿ ಒಳಗಿರಲಿ. ವಿಧಾನಸಭಾ ಕ್ಷೇತ್ರ ಆರಿಸುವಾಗ ‘ಬೆಳಗಾವಿ’ ಎಂದಷ್ಟೇ ನೋಡಿ ಒತ್ತಬಾರದು; ಉತ್ತರ, ದಕ್ಷಿಣ, ಗ್ರಾಮೀಣ ಎಂದು ಮೂರಿವೆ. ಸದಾಶಿವ ನಗರ ಉತ್ತರಕ್ಕೆ, ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳ ದಕ್ಷಿಣಕ್ಕೆ. ಊರ ಹೊರಗಿನ ಹಾಸ್ಟೆಲಿನವರು ಪಕ್ಕದ ಮನೆಯವರ ಎಪಿಕ್ ನೋಡಿ ಖಾತ್ರಿ ಮಾಡಿಕೊಳ್ಳುವುದೇ ಸುಲಭ.

ಹೆಸರಿನ ಕನ್ನಡ ಪೆಟ್ಟಿಗೆಯನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ: ಹೊಸಮನಿ ‘ಹೋಸಾಮನಿ’ ಆಗುತ್ತದೆ, ಕುಲಕರ್ಣಿ ‘ಕುಲ್ಕರ್ನಿ’ ಆಗುತ್ತದೆ. ಪಟ್ಟಿಯಲ್ಲಿ ಅಚ್ಚಾಗುವುದು ಅದೇ. ಪೆಟ್ಟಿಗೆಯೊಳಗೆ ಕರ್ಸರ್ ಇಟ್ಟು ಅಳಿಸಿ ನಾವೇ ಟೈಪ್ ಮಾಡಬಹುದು. ಇನ್ನೊಂದು, ನಮ್ಮ ಕಡೆಯ ಮಾರ್ಕ್ಸ್ ಕಾರ್ಡುಗಳಲ್ಲಿ ಅಡ್ಡಹೆಸರು ಮೊದಲು ಬರುವುದುಂಟು, ಆಧಾರಿನಲ್ಲಿ ಕೊನೆಗೆ. ಯಾವುದಾದರೂ ಒಂದು ಕ್ರಮ ಹಿಡಿದು ಎರಡೂ ಪಟ್ಟಿಗೆ ಅದನ್ನೇ ಬಳಸಿದರೆ ಮುಂದೆ ಪದವೀಧರ ಪಟ್ಟಿಯ ಹೊತ್ತಿಗೆ ‘ಇವರೇ ಅವರು’ ಎಂದು ಅಫಿಡವಿಟ್ ಮಾಡಿಸುವ ಖರ್ಚು ತಪ್ಪುತ್ತದೆ.

ಅರ್ಜಿ ಹೋದ ಮೇಲೆ ಆಕ್ಷೇಪಣೆಗೆ ಕನಿಷ್ಠ 7 ದಿನ ಬಿಡುತ್ತಾರೆ, ಈ ನಡುವೆ ಬಿಎಲ್‌ಒ ಮನೆಗೆ ಬರುತ್ತಾರೆ. ಬಿಎಲ್‌ಒ ಎಂದರೆ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಶಿಕ್ಷಕರು, ತಮ್ಮ ಕೆಲಸ ಮುಗಿಸಿ ಓಣಿ ತಿರುಗುವವರು. ಅವರು ಬಂದಾಗ ನೀವು ಲೈಬ್ರರಿಯಲ್ಲಿ. ಬಾಗಿಲು ತೆರೆಯುವವರು ಮನೆ ಮಾಲಕರು. ‘ಹಿಂತಾ ಹೆಸರಿನವರು ಇಲ್ಲಿ ಅದಾರೇನ್ರೀ?’ ಎಂದರೆ, ‘ಯಾರೋ ಹುಡುಗೂರು ಇರತಾರ್ರೀ, ಹೆಸರು ಗೊತ್ತಿಲ್ಲ’ ಎಂಬ ಉತ್ತರ. ಅರ್ಜಿ ಅಲ್ಲಿಗೆ ತಿರಸ್ಕೃತ. ಅದಕ್ಕೆ ಮುಂಚಿತವಾಗಿ ಎರಡು ಕೆಲಸ ಮಾಡಿಡಬೇಕು. ಪೋರ್ಟಲ್ಲಿನಲ್ಲಿ ನಿಮ್ಮ ಭಾಗದ ಬಿಎಲ್‌ಒ ಹೆಸರು, ಫೋನ್ ನಂಬರ್ ಇರುತ್ತದೆ. ‘ಅಕ್ಕಾರ, ಸಂಜೀ ಆರರ ಮ್ಯಾಲ ರೂಮಿನ್ಯಾಗ ಇರತೀನ್ರೀ’ ಎಂದು ಒಂದು ಮಾತು ತಿಳಿಸಿ. ಮಾಲಕರಿಗೂ ಮೊದಲೇ ಹೇಳಿ. ಅವರ ಅಂಜಿಕೆ ಒಂದೇ, ಈ ವಿಳಾಸಕ್ಕೆ ಕಾರ್ಡ್ ಬಂದರೆ ನಾಳೆ ಮನೆ ಬಿಡದೆ ಕೂತಾರು ಎಂಬುದು. ಮತದಾರರ ಚೀಟಿಯಿಂದ ಮನೆಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ, ಅದನ್ನು ಮಾಲಕರ ಮುಂದೆ ಕೂತು ಬಿಡಿಸಿ ಹೇಳಿದರೆ ಕೇಳುತ್ತಾರೆ.

ಅರ್ಹತಾ ದಿನಗಳು ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು. 18 ತುಂಬುವವರ ಲೆಕ್ಕ ಅದು, ನಮ್ಮಂಥವರಿಗೆ ಅಷ್ಟು ಮುಖ್ಯವಲ್ಲ. ನಮಗೆ ಮುಖ್ಯವಾದ ಗಡುವು, ಚುನಾವಣೆ ಬಂದಾಗ ನಾಮಪತ್ರ ಸಲ್ಲಿಕೆಯ ಕೊನೆಯ ದಿನ. ಆಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಆ ದಿನಕ್ಕೆ ಹತ್ತು ದಿನ ಮೊದಲಾದರೂ ಅರ್ಜಿ ಕೈ ಸೇರಿರಬೇಕು.

ಇನ್ನು ಪದವೀಧರರ ಪಟ್ಟಿ. 75 ಸದಸ್ಯರ ನಮ್ಮ ವಿಧಾನ ಪರಿಷತ್ತಿಗೆ ಪದವೀಧರರಿಂದ ಬರುವವರು 7 ಮಂದಿ, ಶಿಕ್ಷಕರಿಂದ 7 ಮಂದಿ. ವಾಯವ್ಯ ಪದವೀಧರರ ಕ್ಷೇತ್ರಕ್ಕೆ ಕಳೆದ ಮತದಾನ ನಡೆದದ್ದು 2022ರ ಜೂನ್ 13ಕ್ಕೆ. ಅವಧಿ 6 ವರ್ಷ, ಹಾಗಾಗಿ ಮುಂದಿನದು 2028ರಲ್ಲಿ. ಇನ್ನೂ ದೂರ ಇದೆ ಎಂದು ಕೂತವರು ಅವಕಾಶ ತಪ್ಪಿಸಿಕೊಳ್ಳುತ್ತಾರೆ, ಏಕೆಂದರೆ ಪಟ್ಟಿ ತಯಾರಾಗುವುದು ಅದರ ಹಿಂದಿನ ವರ್ಷದ ಚಳಿಗಾಲದಲ್ಲಿ. ಜೊತೆಗೆ ಈ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿಯೇ ಬರೆಯುತ್ತಾರೆ. 2022ರಲ್ಲಿ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ‘ನಂದು ಆಗಲೇ ಐತಿ’ ಎಂದು ಸುಮ್ಮನಿದ್ದ ಎಷ್ಟೋ ಪ್ರಾಧ್ಯಾಪಕರೇ ಮತಗಟ್ಟೆಯಿಂದ ವಾಪಸ್ ಬರುತ್ತಾರೆ.

ಅರ್ಹತೆಯ ಲೆಕ್ಕ ನವೆಂಬರ್ 1ಕ್ಕೆ. ಆ ದಿನಕ್ಕೆ ಪದವಿ ಮುಗಿದು ಕನಿಷ್ಠ 3 ವರ್ಷ ಆಗಿರಬೇಕು, ಕ್ಷೇತ್ರದಲ್ಲಿ ವಾಸ ಇರಬೇಕು. 2028ರ ಚುನಾವಣೆಗೆ 2027ರ ನವೆಂಬರ್ 1 ಹಿಡಿದರೆ, 2024ರ ಅಕ್ಟೋಬರ್ ಒಳಗೆ ಡಿಗ್ರಿಯ ಫಲಿತಾಂಶ ಬಂದವರೆಲ್ಲ ಅರ್ಹರು. ಇಲ್ಲಿ ಗಮನಿಸಬೇಕಾದದ್ದು: 3 ವರ್ಷ ಎಣಿಸುವುದು ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ, ಘಟಿಕೋತ್ಸವದ ದಿನದಿಂದಲ್ಲ. ಘಟಿಕೋತ್ಸವ ಎಷ್ಟೋ ತಿಂಗಳು ತಡವಾಗಿ ನಡೆಯುವುದರಿಂದ ಪದವಿ ಪತ್ರದ ಮೇಲಿನ ತಾರೀಖು ನೋಡಿ ‘ನಮಗೆ ಇನ್ನೂ ಆಗಿಲ್ಲ’ ಎಂದು ಬಿಡುವವರಿದ್ದಾರೆ. ಅದಕ್ಕೇ ಪದವಿ ಪತ್ರದ ಜೊತೆ ಕೊನೆಯ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡನ್ನೂ ಒಯ್ಯಬೇಕು. ಡಿಗ್ರಿ ಎಲ್ಲಿ ಪಡೆದಿರಿ ಎಂಬುದು ಮುಖ್ಯವಲ್ಲ, ಭಾರತದ ಯಾವ ವಿಶ್ವವಿದ್ಯಾಲಯವಾದರೂ ನಡೆಯುತ್ತದೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದವರದು ಪಶ್ಚಿಮ ಪದವೀಧರರ ಕ್ಷೇತ್ರ. ಅಲ್ಲಿಂದ ಬಂದು ಬೆಳಗಾವಿಯಲ್ಲಿ ನೆಲೆಸಿ ಓದುವವರು ವಾಯವ್ಯದಲ್ಲಿ ಸೇರಬಹುದು.

ಫಾರ್ಮ್ ಸಂಖ್ಯೆ 18. ಶಿಕ್ಷಕರ ಕ್ಷೇತ್ರದ್ದು 19, ಕೌಂಟರಿನಲ್ಲಿ ಎರಡೂ ಪಕ್ಕ ಪಕ್ಕ ಇಟ್ಟಿರುತ್ತಾರೆ, ನೋಡಿ ತೆಗೆದುಕೊಳ್ಳಿ. ನೋಂದಣಾಧಿಕಾರಿ ಬೆಳಗಾವಿಯ ಪ್ರಾದೇಶಿಕ ಆಯುಕ್ತರು, ಆದರೆ ಅರ್ಜಿ ಕೊಡುವುದು ತಹಶೀಲ್ದಾರ್ ಕಚೇರಿಯಲ್ಲಿ. ಹಿಂದಿನ ವೇಳಾಪಟ್ಟಿಗಳ ಪ್ರಕಾರ ಅಕ್ಟೋಬರ್ ಆರಂಭಕ್ಕೆ ಪ್ರಕಟಣೆ, ನವೆಂಬರ್ 6ರವರೆಗೆ ಅರ್ಜಿ, ನವೆಂಬರ್ 23ಕ್ಕೆ ಕರಡು ಪಟ್ಟಿ, ಡಿಸೆಂಬರ್ 9ರವರೆಗೆ ಆಕ್ಷೇಪಣೆ, ಡಿಸೆಂಬರ್ 30ಕ್ಕೆ ಅಂತಿಮ ಪಟ್ಟಿ. ದಸರಾ, ದೀಪಾವಳಿ ರಜೆ ಈ ನಡುವೆಯೇ ಬೀಳುತ್ತವೆ. ಊರಿಗೆ ಹೋಗುವ ಮುಂಚೆ ಕೊಟ್ಟು ಹೋಗುವುದು ಒಳ್ಳೆಯದು.

ಝೆರಾಕ್ಸ್ ಮೇಲೆ ನಿಮ್ಮದೇ ಸಹಿ ಸಾಲದು. ಮೂಲ ಪ್ರತಿ ತೋರಿಸಿ ಅಲ್ಲಿಯ ಅಧಿಕಾರಿಯಿಂದಲೇ ದೃಢೀಕರಿಸಿಕೊಳ್ಳಬೇಕು, ಇಲ್ಲವೆ ಗೆಜೆಟೆಡ್ ಅಧಿಕಾರಿ ಅಥವಾ ನೋಟರಿಯ ಸಹಿ-ಮುದ್ರೆ ಇರಬೇಕು. ಗೆಳೆಯರ ಇಪ್ಪತ್ತು ಅರ್ಜಿಗಳ ಕಟ್ಟು ಒಯ್ದರೆ ತೆಗೆದುಕೊಳ್ಳುವುದಿಲ್ಲ. ಒಂದೇ ಮನೆಯವರದನ್ನು ಒಬ್ಬರು ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದನ್ನು ಒಟ್ಟಿಗೆ ಕಳಿಸಬಹುದು. ಪಕ್ಷದವರು ಮನೆಬಾಗಿಲಿಗೆ ಬಂದು ಫಾರ್ಮ್ ತುಂಬಿಸಿ ಒಯ್ಯುವ ಸೀಜನ್ ಅದು. ಕೊಟ್ಟರೂ ಸ್ವೀಕೃತಿ ಚೀಟಿ ಕೈಗೆ ಬಾರದ ಹೊರತು ಅರ್ಜಿ ಹೋಗಿದೆ ಎಂದು ನಂಬಬೇಡಿ. ಕರಡು ಪಟ್ಟಿ ಬಂದ ದಿನವೇ ಹೆಸರು ಹುಡುಕಿ, ಇಲ್ಲದಿದ್ದರೆ ಆಕ್ಷೇಪಣೆಯ ಅವಧಿಯೊಳಗೆ ಮತ್ತೆ 18 ಕೊಡಿ.

ಇಷ್ಟೆಲ್ಲ ಮಾಡಿ ಮತಗಟ್ಟೆಗೆ ಹೋದ ಪದವೀಧರರ ಮತಗಳೇ ಕಟ್ಟುಗಟ್ಟಲೆ ತಿರಸ್ಕೃತವಾಗುತ್ತವೆ. ಇಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ಅಭ್ಯರ್ಥಿಯ ಹೆಸರಿನ ಮುಂದಿನ ಚೌಕದಲ್ಲಿ ಪ್ರಾಶಸ್ತ್ಯದ ಅಂಕಿ ಬರೆಯಬೇಕು: ಮೊದಲ ಆಯ್ಕೆಗೆ 1, ಬೇಕಿದ್ದರೆ ಉಳಿದವರಿಗೆ 2, 3. 1 ಕಡ್ಡಾಯ, ಮಿಕ್ಕದ್ದು ನಿಮ್ಮಿಷ್ಟ. ಅಂಕಿಯಲ್ಲೇ ಬರೆಯಬೇಕು, ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಸರಿ ಗುರುತು ಹಾಕಿದರೆ, ಕೆಳಗೆ ಸಹಿ ಮಾಡಿದರೆ ಮತ ಹೋಯಿತು. ಕನ್ನಡದ ೧ ಬರೆದರೂ ನಡೆಯುತ್ತದೆ. ಇಬ್ಬರ ಮುಂದೆ 1 ಬರೆಯಬಾರದು, ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆಯಬಾರದು. ಜೇಬಿನ ಪೆನ್ ತೆಗೆಯಲೇಬಾರದು. ಅಧಿಕಾರಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ಒಂದೇ ಸ್ಥಾನದ ಚುನಾವಣೆಯಾದ್ದರಿಂದ ಗೆಲ್ಲಲು ಸಿಂಧು ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಹೊರಗಿಟ್ಟು, ಅವರ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದ ಪ್ರಕಾರ ಹಂಚುತ್ತಾರೆ. ಬರೀ 1 ಬರೆದು ಬಂದವರ ಮತ, ಅವರ ಅಭ್ಯರ್ಥಿ ಹೊರಬಿದ್ದ ಸುತ್ತಿನಲ್ಲೇ ಲೆಕ್ಕದಿಂದ ಹೊರಗೆ. ಪಕ್ಷೇತರರಿಗೆ ಮೊದಲ ಮತ ಕೊಡುವ ಮನಸ್ಸಿದ್ದವರು 2 ಯಾರಿಗೆಂದು ಮನೆಯಲ್ಲೇ ಯೋಚಿಸಿ ಹೋಗಬೇಕು.