ಡಯಾಲಿಸಿಸ್ ದಿನ ಬಾರ್ಡರ್, ಮಾರನೇ ದಿನ ಆನೆ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸೋಳು. ಮನೆ ಕೊಡಗಿನ ಮಾದಾಪುರದ ಕಡೆ, ಒಂದಿಷ್ಟು ರೋಬಸ್ಟಾ ಕಾಫಿ ತೋಟ, ಮರಕ್ಕೆ ಹಬ್ಬಿಸಿರೋ ಮೆಣಸಿನ ಬಳ್ಳಿ. ಯಜಮಾನರಿಗೆ ಕಿಡ್ನಿ ಕೈಕೊಟ್ಟು 2017ರಿಂದ ಡಯಾಲಿಸಿಸ್ ನಡೀತಿದೆ. ಇದರ ಮಧ್ಯೆ ಚಿತ್ರ ಹೇಗೆ ಬಿಡಿಸ್ತೀಯಾ ಮಾರಾಯ್ತಿ ಅಂತ ಕೇಳೋರು ಜಾಸ್ತಿ, ಅದಕ್ಕೇ ನಾನು ಮಾಡ್ಕೊಂಡಿರೋ ವ್ಯವಸ್ಥೆ ಬರೀತಿದೀನಿ, ಬೇರೆಯವ್ರಿಗೆ ಎಷ್ಟು ಹೊಂದುತ್ತೋ ಗೊತ್ತಿಲ್ಲ.

ಮೊದ್ಲೇ ಒಂದು ಮಾತು. ಚಿತ್ರ ಬಿಡಿಸಿದ್ರೆ ಮನಸ್ಸು ಹಗುರ ಆಗುತ್ತಲ್ವಾ ಅಂತಾರೆ. ನಂಗೇನೂ ಆಗಲ್ಲ. ಪಬ್ಲಿಷರ್ ಫೋನ್ ಮಾಡಿ ಎಂಟನೇ ಪೇಜಲ್ಲಿ ಹುಡುಗಿ ಮುಖ ಸರಿ ಬಂದಿಲ್ಲ ಮೇಡಂ ಅಂದ್ರೆ ಯಾರ ಮನಸ್ಸು ಹಗುರ ಆಗುತ್ತೆ? ಇದು ಕೆಲಸ, ತೋಟದ ಕೆಲಸ ಹೇಗೋ ಹಾಗೆ. ಸಮಾಧಾನಕ್ಕೆ ಅಂತ ಕೂತಿದ್ರೆ ಎರಡು ತಿಂಗಳಲ್ಲಿ ಬಿಟ್ಟುಬಿಡ್ತಿದ್ದೆ ಅನ್ಸುತ್ತೆ, ದುಡ್ಡು ಬರುತ್ತೆ ಅಂತ ಕೂತಿದ್ದಕ್ಕೇ ಉಳ್ಕೊಂಡಿದೆ. ಕಾಫಿ ದುಡ್ಡು ವರ್ಷಕ್ಕೊಂದ್ಸಲ ಬರೋದು, ರಕ್ತ ಹೆಚ್ಚಿಸೋ ಇಂಜೆಕ್ಷನ್ನು, ಗಾಡಿ ಖರ್ಚು ವಾರವಾರ ಹೋಗೋದು.

ಟೈಮ್ ಸಿಗಲ್ಲ ಅನ್ನೋದು ನನ್ನ ಸಮಸ್ಯೆ ಆಗಿರ್ಲಿಲ್ಲ. ಒಂದು ಸಲ ಮೆಷಿನ್ನಿಗೆ ಹಾಕಿದ್ರೆ ನಾಲ್ಕು ಗಂಟೆ, ನಮ್ಮನ್ನ ಒಳಗೆ ಬಿಡಲ್ಲ, ಹೊರಗೆ ಬೆಂಚ್ ಮೇಲೆ ಕೂರ್ಬೇಕು, ಟೈಮೇನೋ ಬೇಕಾದಷ್ಟಿದೆ. ಆದ್ರೆ ತಲೆ ಓಡಲ್ಲ. ಒಳಗಿಂದ ಸಿಸ್ಟರ್ ಬಂದ್ರೆ ಸಾಕು, ಬಿಪಿ ಇಳೀತಾ ಅಂತ ಎದೆ ಧಸಕ್ ಅನ್ನುತ್ತೆ. ಅಂಥ ಕಡೆ ಕೂತು ಹೊಸ ಕ್ಯಾರೆಕ್ಟರ್ ಯೋಚ್ನೆ ಮಾಡೋಕೆ ಹೋದ್ರೆ ಕಾಗದ ಖಾಲಿ ಇರುತ್ತೆ, ನಮ್ಮ ಮೇಲೆ ನಮಗೇ ಬೇಜಾರು.

ಹಂಗಾಗಿ ಕೆಲಸಾನೇ ಎರಡು ಭಾಗ ಮಾಡ್ದೆ. ಒಂದು ತಲೆ ಬೇಕಾಗೋದು: ಕತೆ ಓದಿ ಪುಟಪುಟಕ್ಕೆ ಬೆಂಕಿಪೊಟ್ಟಣದಷ್ಟು ಸಣ್ಣ ಸ್ಕೆಚ್ ಹಾಕೋದು, ಅಕ್ಷರ ಎಲ್ಲಿ ಕೂರ್ಬೇಕು, ಪುಟ ತಿರುಗಿಸಿದಾಗ ಮಗುಗೆ ಏನು ಕಾಣ್ಬೇಕು, ಮುಖಗಳು. ಇನ್ನೊಂದು ಬರೀ ಕೈ ಬೇಕಾಗೋದು: ಪೆನ್ಸಿಲ್ ಗೆರೆ ಮೇಲೆ ಇಂಕ್ ಹಾಕೋದು, ಬಾರ್ಡರ್, ಸೀರೆ ಚುಕ್ಕಿ, ಹಂಚಿನ ಮನೆ ಇದ್ರೆ ಒಂದೊಂದೇ ಹಂಚು, ಸ್ಕ್ಯಾನ್ ಮಾಡಿದ್ಮೇಲೆ ಧೂಳಿನ ಚುಕ್ಕೆ ತೆಗೆಯೋದು. 32 ಪೇಜಿನ ಪುಸ್ತಕದಲ್ಲಿ ಈ ಕೈಕೆಲಸ ಎಷ್ಟಿರುತ್ತೆ ಅಂತ ಲೆಕ್ಕ ಹಾಕಿದಾಗ ನಂಗೇ ಆಶ್ಚರ್ಯ ಆಯ್ತು, ಅರ್ಧಕ್ಕಿಂತ ಜಾಸ್ತಿ. ಅದೆಲ್ಲಾ ಈಗ ಆಸ್ಪತ್ರೆ ಬೆಂಚಿಗೆ. ಸ್ಕೆಚ್ ಬುಕ್ಕಿಗಿಂತ ದೊಡ್ಡದು ತಗೊಂಡು ಹೋಗಲ್ಲ, ಬಣ್ಣ ಅಂತೂ ಮುಟ್ಟೋದೇ ಇಲ್ಲ, ಪಕ್ಕದಲ್ಲಿ ಕೂತೋರ ಸೀರೆಗೆ ಚೆಲ್ಲಿದ್ರೆ ಕಷ್ಟ.

ತಲೆಕೆಲಸ ಮಾರನೇ ದಿನ ಬೆಳಿಗ್ಗೆಗೆ. ಡಯಾಲಿಸಿಸ್ ಆದ ದಿನ ಅವರು ಸುಸ್ತಾಗಿ ಮಲಗ್ತಾರೆ, ಮಾರನೇ ದಿನ ಮುಖದ ಊತ ಇಳಿದಿರುತ್ತೆ, ಉಸಿರು ಸಲೀಸು, ಮನೆಯಲ್ಲಿ ಎಲ್ರಿಗೂ ಸ್ವಲ್ಪ ನಿರಾಳ. ಅವತ್ತು ಕೆಲಸದವ್ರಿಗೆ ಹೇಳ್ಬೇಕಾದ್ದು ಹೇಳಿ ಒಳಗೆ ಕೂತ್ರೆ ತಿಂಡಿ ಹೊತ್ತಿಗೆ ಮೂರು ನಾಲ್ಕು ಪುಟದ ಸ್ಕೆಚ್ ಆಗುತ್ತೆ. ಅದಕ್ಕಿಂತ ಆಸೆ ಪಡಲ್ಲ. ಹೋದ್ಸಲ ಕಾಡಾನೆ ಕತೆ ಒಂದಿತ್ತು, ಆನೆ ಹಿಂದೆ ಕಾಫಿ ಗಿಡ ಬಿಡಿಸಿದ್ದೆ, ಅವರು ನೋಡಿ "ಇದ್ಯಾವ ರೋಬಸ್ಟಾ? ಎಲೆ ಅರೇಬಿಕಾದಷ್ಟೇ ಇದೆಯಲ್ಲ, ಅಗಲ ಮಾಡು" ಅಂದ್ರು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈಯಲ್ಲಿ ಭಾರ ಎತ್ತಂಗಿಲ್ಲ, ತೋಟದ ಕೆಲಸ ನಿಂತೋಗಿದೆ, ಆದ್ರೆ ಕಣ್ಣು ಬಿಡಲ್ಲ. ಈಗ ಗಿಡ ಮರ ಬಂದ್ರೆ ಮೊದ್ಲು ಅವರಿಗೇ ತೋರ್ಸೋದು.

ಮಳೆಗಾಲದ್ದು ಬೇರೆ ಕತೆ. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆ ತಿಂಗಳು, ಜುಲೈ–ಆಗಸ್ಟ್) ವಾಟರ್‌ಕಲರ್ ಮಾಡ್ತೀನಿ ಅನ್ನೋರಿಗೆ ನಮಸ್ಕಾರ. 300 ಜಿಎಸ್‌ಎಂ ದಪ್ಪ ಕಾಟನ್ ಪೇಪರ್ ಆದ್ರೂ ಅಷ್ಟೇ, ಥಂಡಿ ಹಿಡಿದು ಬೂಷ್ಟು ಬಂದ್ರೆ ಮೇಲಿನ ಸೈಜಿಂಗ್ (ಬಣ್ಣ ತಕ್ಷಣ ಒಳಗೆ ಇಳಿಯದ ಹಾಗೆ ಹಚ್ಚಿರೋ ಅಂಟು) ಹಾಳಾಗಿ ಬಣ್ಣ ಹೀರ್ಕೊಂಡು ಮಚ್ಚೆಮಚ್ಚೆ ಆಗುತ್ತೆ, ಹಾಕಿದ ವಾಶ್, ಅಂದ್ರೆ ತೆಳು ಬಣ್ಣದ ಪದರ, ಸಂಜೆ ತನಕ ಒಣಗಲ್ಲ. ಪೇಪರನ್ನ ಮುಚ್ಚಳ ಬಿಗಿಯಾಗಿರೋ ಡಬ್ಬದಲ್ಲಿ ತೇವ ಹೀರೋ ಸಿಲಿಕಾ ಜೆಲ್ ಜೊತೆ ಇಡ್ತೀನಿ. ನಂದು ನೀಲಿ ಹರಳು, ನೀರು ಕುಡಿದ್ಮೇಲೆ ಗುಲಾಬಿ ಆಗುತ್ತೆ, ಆಗ ಒಲೆ ಮೇಲೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ. (ಆ ಬಾಣಲೆ ಅಡುಗೆಗೆ ಬಳಸ್ಬೇಡಿ, ನೀಲಿ ಬಣ್ಣಕ್ಕೆ ಹಾಕೋ ಕೋಬಾಲ್ಟ್ ವಿಷ.)

2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿ ಮಡಿಕೇರಿ–ಸೋಮವಾರಪೇಟೆ ರಸ್ತೆನೇ ಕಡಿದು ಹೋಯ್ತಲ್ಲ, ಆಗ ಡಯಾಲಿಸಿಸ್ ತಪ್ಪಿಸೋ ಹಾಗಿಲ್ಲ ಅಂತ ಮೈಸೂರಿಗೆ ಸಂಬಂಧಿಕರ ಮನೆಗೆ ಹೋಗಿ ಇದ್ವಿ, ಉಟ್ಟ ಬಟ್ಟೆ, ಫೈಲು, ಮಾತ್ರೆ, ಅಷ್ಟೇ. ಬಣ್ಣ ಬ್ರಷ್ ಎಲ್ಲಾ ಇಲ್ಲೇ. ಕೈಯಲ್ಲಿದ್ದ ಪುಸ್ತಕ ಮುಗಿಸ್ಲೇಬೇಕು. ಅಲ್ಲೇ ಅಂಗಡಿಯಲ್ಲಿ ಕಪ್ಪು ಪಿಗ್ಮೆಂಟ್ ಇಂಕಿನ ಪೆನ್ ತಗೊಂಡು ಬರೀ ಗೆರೆಯಲ್ಲೇ ಮಾಡಿದೆ, ನೆರಳು ಬೇಕಾದ್ಕಡೆ ಅಡ್ಡಗೆರೆ, ಬಣ್ಣ ಆಮೇಲೆ ಕಂಪ್ಯೂಟರಲ್ಲಿ. ಪಬ್ಲಿಷರ್ರಿಗೆ ಇದೇ ಹಿಡಿಸ್ತು. ಅಲ್ಲಿಂದ ಜೂನ್ ಟು ಸೆಪ್ಟೆಂಬರ್ ನಂದು ಪೆನ್ನೇ. ಕರೆಂಟ್ ಇಲ್ದೆ ಇದ್ರೂ ಗೆರೆ ಹಾಕ್ಬೋದು, ನೆಟ್‌ವರ್ಕ್ ಬಂದ ದಿನ ಕಳಿಸೋದು.

ಮನೆಯಲ್ಲಿ ಇನ್ನೊಂದು ಲೆಕ್ಕ ನಡೀತಾನೇ ಇರುತ್ತೆ, ನೀರಿಂದು. ಅವರು ದಿನಕ್ಕೆ ಕುಡಿಯೋದನ್ನ ಡಾಕ್ಟರ್ ಕಟ್ಟಿಟ್ಟಿದಾರೆ, ಬೆಳಿಗ್ಗೇನೇ ಒಂದು ಬಾಟಲಿಗೆ ತುಂಬಿಸಿಡ್ತೀನಿ, ಕಾಫಿ ಕೊಟ್ರೆ ಅಷ್ಟು ನೀರು ಬಾಟಲಿಯಿಂದ ಚೆಲ್ಲೋದು, ಸಾರು ಬಡಿಸಿದ್ರೆ ಅದೂ ಲೆಕ್ಕ. ಕಾಫಿ ಬೆಳೆಯೋ ಮನುಷ್ಯನಿಗೆ ಅರ್ಧ ಲೋಟ ಕಾಫಿ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿದ್ರೆ ಶಾಸ್ತ್ರಕ್ಕೆ ಎರಡು ಚಮಚ. ಈ ಲೆಕ್ಕ ತಲೆಯಲ್ಲಿಟ್ಕೊಂಡು ಚಿತ್ರ ಮಾಡೋಕಾಗಲ್ಲ, ಅದಕ್ಕೆ ಬಾಟಲಿ ಮೇಲೆ ಟೇಪ್ ಹಚ್ಚಿ ಗೆರೆ ಎಳೆದಿದೀನಿ, ಯಾರು ಬೇಕಾದ್ರೂ ನೋಡಿ ಕೊಡ್ಬೋದು. ನಾನೊಬ್ಳೇ ನೆನಪಿಟ್ಕೋಬೇಕು ಅನ್ನೋ ವಿಷ್ಯ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಗೆರೆ ನೆಟ್ಟಗೆ ಬರುತ್ತೆ ನಂಗೆ.

ಪಬ್ಲಿಷರ್ ಹತ್ರ ಮುಚ್ಚಿಡೋದು ಬಿಟ್ಟುಬಿಟ್ಟೆ. ಮನೆ ಪರಿಸ್ಥಿತಿ ಒಂದೇ ಸಾಲಲ್ಲಿ ಹೇಳ್ತೀನಿ, ನನ್ನ ಅಂದಾಜಿಗೆ ಒಂದೂವರೆ ಪಟ್ಟು ಟೈಮ್ ಕೇಳ್ತೀನಿ, ಅಡ್ವಾನ್ಸ್ ಇಲ್ದೆ ಶುರು ಮಾಡಲ್ಲ. ಒಬ್ರು ಅಯ್ಯೋ ಪಾಪ ಅಂದು ಕೆಲಸ ಬೇರೆಯವ್ರಿಗೆ ಕೊಟ್ರು. ಕೊಡ್ಲಿ. ಬಾಕಿಯವ್ರು ಮತ್ತೆ ಮತ್ತೆ ಬರ್ತಿದಾರೆ, ಯಾಕಂದ್ರೆ ಹೇಳಿದ ದಿನಕ್ಕೆ ಫೈಲ್ ಹೋಗಿರುತ್ತೆ.

ಜನವರಿಯಿಂದ ಮಾರ್ಚ್ ಹೊಸ ಪುಸ್ತಕ ಒಪ್ಕೊಳಲ್ಲ. ರೋಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸೋದು, ಹೂಮಳೆ (ಕಾಫಿ ಹೂ ಅರಳೋಕೆ ಬೇಕಾದ ಮಳೆ) ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕ್ಸೋದು, ಜೊತೆಗೆ ಆಸ್ಪತ್ರೆ, ಆಗ ಕೈಕೆಲಸಕ್ಕೂ ಕೈ ಏಳಲ್ಲ. ಆಗ ಕೇಳ್ಕೊಂಡು ಬಂದವ್ರಿಗೆ ಏಪ್ರಿಲ್ ಅಂತೀನಿ, ಅರ್ಜೆಂಟ್ ಇದ್ರೆ ನಂಗೆ ಗೊತ್ತಿರೋ ಬೇರೆ ಆರ್ಟಿಸ್ಟ್ ನಂಬರ್ ಕೊಟ್ಟುಬಿಡ್ತೀನಿ.